ಶಿರಸಿ ಸೀಮೆಯ ತೋಟ, ಬೆಟ್ಟ, ಕಾನು

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ ಸೀಮೆಯಲ್ಲಿ ಹಳ್ಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಹರಡಿಕೊಂಡಿವೆ. ಕಣಿವೆಯ ತಳದಲ್ಲಿ ಹಳ್ಳ, ಅದರ ಮಗ್ಗುಲಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಅಡಿಕೆ ತೋಟ, ತೋಟದ ಅಂಚಿಗೆ ಮನೆ, ಕೊಟ್ಟಿಗೆ. ಮನೆಯ ಹಿಂದಿನ ಏರಿನಲ್ಲಿ ಸೊಪ್ಪಿನ ಬೆಟ್ಟ, ಹುಲ್ಲು ಬೆಳೆಯುವ ಬೇಣ, ಅಲ್ಲಿಂದಾಚೆ ಅಡವಿ. ನಡುನಡುವೆ ನಿತ್ಯಹಸಿರಿನ ದಟ್ಟ ಕಾನುಗಳಿವೆ. 1801ರಲ್ಲಿ ಸೋಂದೆಯ ಕಡೆ ಸಂಚರಿಸಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಅಡಿಕೆ ಮತ್ತು ಮೆಣಸಿನ ಕೃಷಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ತೋಟ ಬದುಕುವುದು ಬೆಟ್ಟದಿಂದ. ಮತ್ತಿ, ನಂದಿ, ಹೊನ್ನೆ, ಕಿಂದಳ ಮರಗಳ ಟೊಂಗೆ ಸವರಿ ತಂದ ಹಸಿಸೊಪ್ಪನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಬೇಸಿಗೆಯಲ್ಲಿ ಉದುರಿದ ದರಕನ್ನೂ ಗುಡಿಸಿ ತರುತ್ತಾರೆ. ಸಗಣಿ, ಗಂಜಲ ಸೇರಿ ಅದು ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಹಳ್ಳದ ನೀರು ಬೇಸಿಗೆಯವರೆಗೆ ಉಳಿಯುವುದೂ ಮೇಲಿನ ಕಾಡು ಮಳೆಯನ್ನು ನೆಲಕ್ಕೆ ಇಳಿಸುವುದರಿಂದಲೇ.

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಬಳಿಕ ಅರಣ್ಯ ಇಲಾಖೆಯ ಕಣ್ಣು ಮುಖ್ಯವಾಗಿ ಸಾಗುವಾನಿಯ ಮೇಲಿತ್ತು. ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು, ಕಾಡಿಗೆ ಮೀಸಲಿನ ಗಡಿ ಬಂತು. ಆದರೆ ಸೊಪ್ಪಿಗೆ ಬೆಟ್ಟ ಬೇಕೆಂಬ ತೋಟಿಗರ ಒತ್ತಾಯವನ್ನು ಸರ್ಕಾರ ಪೂರ್ತಿ ತಳ್ಳಿಹಾಕಲಾಗಲಿಲ್ಲ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಗೊತ್ತಾಯಿತು. ಸೊಪ್ಪು, ದರಕು, ಹುಲ್ಲು, ಒಣಕಟ್ಟಿಗೆ ತೋಟಿಗನಿಗೆ. ನೆಲದ ಒಡೆತನ ಸರ್ಕಾರಕ್ಕೆ.

ಒಂದೇ ಬೆಟ್ಟದಿಂದ ಎಲ್ಲವನ್ನೂ ಪಡೆಯಲಾಗದೆಂಬುದು ಅನುಭವದಿಂದ ತಿಳಿದ ಸಂಗತಿ. ಟೊಂಗೆ ಸವರಿದಷ್ಟೂ ಬಿಸಿಲು ನೆಲಕ್ಕೆ ಬಿದ್ದು ಹುಲ್ಲು ಚೆನ್ನಾಗಿ ಬರುತ್ತದೆ, ದನಕ್ಕೆ ಮೇವಾಗುತ್ತದೆ. ಮರ ಮಾತ್ರ ನಾಟಾಕ್ಕೆ ಒದಗುವಂತೆ ದಪ್ಪವಾಗುವುದಿಲ್ಲ. ದರಕನ್ನು ಪೂರ್ತಿ ಗುಡಿಸಿದರೆ ನೆಲ ಬೋಳಾಗಿ ಮಣ್ಣು ಕೊಚ್ಚಿಹೋಗುತ್ತದೆ, ದನ ಮೇಯುವಲ್ಲಿ ಸಸಿ ಏಳುವುದಿಲ್ಲ. ಶಿರಸಿಯ ಬೆಟ್ಟಗಳನ್ನೇ ಅಧ್ಯಯನಕ್ಕೆ ಆರಿಸಿಕೊಂಡ ಶರಚ್ಚಂದ್ರ ಲೇಲೆ ಕೇಳಿದ ಪ್ರಶ್ನೆ ಇಂದಿಗೂ ಮುಖ್ಯವಾದುದು: ಸವರಿದ ಬೆಟ್ಟ ಹಾಳಾದ ಕಾಡೋ, ಬೇರೆ ಉದ್ದೇಶಕ್ಕೆ ಮಾರ್ಪಟ್ಟ ಕಾಡೋ? ನಾಟಾದ ಅಳತೆಯಲ್ಲಿ ನೋಡಿದವರಿಗೂ ಗೊಬ್ಬರದ ಅಳತೆಯಲ್ಲಿ ನೋಡಿದವರಿಗೂ ಉತ್ತರ ಬೇರೆಬೇರೆ.

ಕಾರ್ಖಾನೆಯ ಬೇಡಿಕೆ ಬಂದಾಗ ತೂಕ ಇನ್ನಷ್ಟು ಒಂದು ಕಡೆಗೆ ವಾಲಿತು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದ ಕಾರ್ಖಾನೆ ಕೆಲಸ ಶುರುಮಾಡಿತು. ಅದಕ್ಕೆ ಬಿದಿರು ಅಗ್ಗದ ದರದಲ್ಲಿ ಸಿಕ್ಕಿತು. ಬುಟ್ಟಿ ಹೆಣೆಯುವ ಮೇದಾರರು ತಮಗೆ ಬಿದಿರಿಲ್ಲವೆಂದು ದೂರಿದರು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪರಿಶೀಲಿಸಿದಾಗ ಕಂಡದ್ದು ಸಣ್ಣ ಸಂಗತಿಯಂತೆ ತೋರಿದರೂ ಕಣ್ತೆರೆಸುವಂಥದ್ದು. ಕಡಿಯಲು ಸುಲಭವಾಗಲೆಂದು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ತೆಗೆಸಲಾಗುತ್ತಿತ್ತು. ಆ ಮುಳ್ಳೇ ಎಳೆಯ ಕಳಲೆಗೆ ಕಾವಲು. ಅದು ಹೋದಮೇಲೆ ಕಳಲೆ ದನಗಳ, ಕಾಡುಪ್ರಾಣಿಗಳ ಬಾಯಿಗೆ ಬಿದ್ದು ಮೆಳೆಗಳು ಕ್ಷೀಣಿಸಿದವು. ಮುಳ್ಳು ಬಿಟ್ಟು ಬಿದಿರು ಕಡಿಯುತ್ತಿದ್ದ ಹಳ್ಳಿಗರಿಗೆ ಇದು ಮೊದಲೇ ಗೊತ್ತಿತ್ತು.

ಸಹಜ ಕಾಡು ಕಡಿದು ಸಾಗುವಾನಿ ನೆಡುವುದು, ಪ್ಲೈವುಡ್‌ಗೆ ದೊಡ್ಡ ಮರಗಳನ್ನು ಒದಗಿಸುವುದು ಮುಂದುವರಿದಾಗ ಹಳ್ಳಿಗಳು ಎದ್ದುನಿಂತವು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಮತ್ತು ಸುತ್ತಲಿನ ಜನ ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತರು. ಅದಕ್ಕೂ ಮೊದಲು ಸುಂದರಲಾಲ್ ಬಹುಗುಣ ಇತ್ತ ಬಂದು ಹಿಮಾಲಯದಲ್ಲಿ ಮರಗಳನ್ನು ಅಪ್ಪಿ ಉಳಿಸಿದ ಚಿಪ್ಕೋ ಚಳವಳಿಯ ಅನುಭವ ಹೇಳಿದ್ದರು. ಪಾಂಡುರಂಗ ಹೆಗಡೆ ಚಳವಳಿಯ ಮುಂದಾಳಾದರು. ಅಪ್ಪಿಕೋ ಎಂದು ಹೆಸರಾದ ಈ ಚಳವಳಿ 38 ದಿನ ನಡೆದು ಕಡಿತ ನಿಂತಿತು. ಉಳಿಸು, ಬೆಳೆಸು, ಬಳಸು ಎಂಬುದು ಅದರ ಘೋಷಣೆಯಾಯಿತು. ಕಾಡಿನ ಬಳಕೆಯನ್ನು ಅದು ತೊರೆಯಲಿಲ್ಲ; ಉಳಿವಿನ ನಂತರದ ಸ್ಥಾನ ಕೊಟ್ಟಿತು. ಚಳವಳಿಯ ದೊಡ್ಡ ಬೆಲೆ ಇರುವುದು ಇಲ್ಲಿಯೇ.

ಬಳಕೆಯ ಅಪಾಯ ಹೊರಗಿನ ಕಾರ್ಖಾನೆಯಿಂದಷ್ಟೇ ಬಂದದ್ದಲ್ಲ. 1990ರ ದಶಕದಲ್ಲಿ ಕಾಡಿನ ಹುಳಿಹಣ್ಣಾದ ಉಪ್ಪಾಗೆಯ ಸಿಪ್ಪೆಗೆ ಪರದೇಶದ ಬೇಡಿಕೆ ಬಂದಾಗ, ಮೊದಲು ಕೈಗೆ ಸಿಕ್ಕಿದವನಿಗೇ ಲಾಭ ಎಂಬಂತಾಗಿ ಹಣ್ಣು ಮಾಗುವ ಮುನ್ನವೇ ಕೀಳುವುದು, ಟೊಂಗೆ ಕಡಿಯುವುದು ನಡೆಯಿತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸುವ ಒಲೆಗಳಿಗೆ ಅದೇ ಕಾಡಿನ ಕಟ್ಟಿಗೆ ಸುರಿಯಬೇಕಾಯಿತು.

ಹಂಚಿಕೆಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಬೆಟ್ಟದ ಸವಲತ್ತು ತೋಟಕ್ಕೆ ಅಂಟಿದ್ದು. ತೋಟವಿಲ್ಲದವನಿಗೆ ಬೆಟ್ಟವೂ ಇಲ್ಲ. ತುಂಡುಭೂಮಿಯ ರೈತರು, ಕೂಲಿಕಾರರು ಕಟ್ಟಿಗೆಗೆ, ಮೇವಿಗೆ ಉಳಿದ ಅಡವಿಯನ್ನೇ ನೆಚ್ಚಿದರು, ಹಾಗಾಗಿ ಅಲ್ಲಿನ ಒತ್ತಡವೂ ಹೆಚ್ಚಿತು. 1993ರಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಡಿಸಿದ ಮೇಲೆ ಜಿಲ್ಲೆಯ ಹಳ್ಳಿಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ನೆಡುತೋಪು ಕಾದು ಬೆಳೆಸಿದವರಿಗೆ ಆದಾಯದಲ್ಲಿ ಪಾಲು ಎಂಬುದು ಅದರ ಏರ್ಪಾಟು. ಸೊಪ್ಪಿನ ಬೆಟ್ಟದ ಹಳೆಯ ಹಕ್ಕು ಅದರ ಪಕ್ಕದಲ್ಲೇ ಪ್ರತ್ಯೇಕವಾಗಿ ಉಳಿದುಕೊಂಡಿತು.