ಎಣ್ಣೆಗೆ ಬಗ್ಗದ ಕೀರಲು

ಚಳ್ಳಕೆರೆಯನ್ನು ಎಣ್ಣೆಯ ಊರು ಅನ್ನುತ್ತಾರೆ. ಶೇಂಗಾ ಕೈಹಿಡಿದ ಕಾಲದಲ್ಲಿ ಇಲ್ಲಿನ ಎಣ್ಣೆ ಮಿಲ್ಲುಗಳ ವಹಿವಾಟು ಎಷ್ಟು ಜೋರಾಗಿತ್ತೆಂದರೆ ಊರಿಗೆ ‘ಎರಡನೇ ಬೊಂಬಾಯಿ’ ಎಂಬ ಹೆಸರೇ ಬಿತ್ತು. ಇಂಥ ಸೀಮೆಯಲ್ಲಿ ಬಂಡಿಯ ಅಚ್ಚು ಕಿರುಗುಟ್ಟಿದರೆ ಮದ್ದು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದರೆ ಕೀಲೆಣ್ಣೆ ಸಿದ್ಧ; ಬಂಡಿಯ ಮೂಕಿಯಡಿ ಅದರ ಗೊಟ್ಟ ನೇತಾಡುತ್ತಲೇ ಇರುತ್ತಿತ್ತು. ಆದರೆ ಅದೇ ಬಂಡಿಯ ಬಿರಿ ಕೀರಲಿಟ್ಟರೆ ಎಣ್ಣೆ ಮುಟ್ಟಿಸುವಂತಿರಲಿಲ್ಲ. ಮುಟ್ಟಿಸಿದರೆ ಸದ್ದು ನಿಲ್ಲುತ್ತದೆ, ಬಂಡಿ ಮಾತ್ರ ನಿಲ್ಲುವುದಿಲ್ಲ.

ನಮ್ಮ ಕಡೆ ಬ್ರೇಕಿಗೆ ಬಿರಿ ಅನ್ನುವ ಮಾತಿದೆ. ದುರ್ಗದ ಸೀಮೆಯ ಬಂಡಿ, ರಸ್ತೆ, ಸಾಗಾಟಗಳ ಚರಿತ್ರೆಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ ಎಂದು ಹೇಳಿದಾಗಲೆಲ್ಲ ಜನ ಚಕ್ರದ ಬಗ್ಗೆ ಕೇಳುತ್ತಾರೆ, ಎತ್ತಿನ ಬಗ್ಗೆ ಕೇಳುತ್ತಾರೆ; ಬಿರಿಯ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಿದವನು ಒಬ್ಬನೇ. ಬೆಂಗಳೂರಿನಲ್ಲಿ ಭಾರೀ ಬೆಲೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವ ಗೆಳೆಯ. ಗಂಟೆಗೆ ಇನ್ನೂರು ಕಿಲೋಮೀಟರ್ ಓಡುವಾಗ ಉಸಿರೆತ್ತದ ಬ್ರೇಕು, ಸಿಗ್ನಲ್ಲಿನಲ್ಲಿ ಮೆಲ್ಲಗೆ ನಿಲ್ಲಿಸುವಾಗ ಹಳೇ ಬಸ್ಸಿನಂತೆ ಚೀರುತ್ತದಲ್ಲ, ಇಷ್ಟು ದುಡ್ಡು ಕೊಟ್ಟರೂ ಯಾಕೆ ಅನ್ನುವುದು ಅವನ ಅಳಲು. ಷೋರೂಮಿನವರು ಇದು ಸಹಜ ಅಂದರಂತೆ. ಸಹಜ ಹೌದು. ಆದರೆ ಆ ಸಹಜಕ್ಕೂ ಒಂದು ಚರಿತ್ರೆಯಿದೆ, ಅದು ಸಾಕಷ್ಟು ಕಹಿಯಾದದ್ದು.

ಬಂಡಿಯ ಬಿರಿಯೆಂದರೆ ಎರಡೂ ಗಾಲಿಗಳ ಹಿಂದೆ ಅಡ್ಡಲಾಗಿ ತೂಗುವ ಒಂದು ಮರದ ತುಂಡು. ಇಳಿಜಾರು ಬಂದಾಗ ಹಗ್ಗ ಬಿಗಿದರೆ ಅದು ಗಾಲಿಯ ಕಬ್ಬಿಣದ ಪಟ್ಟೆಗೆ ಒತ್ತಿಕೊಳ್ಳುತ್ತದೆ. ಚಳ್ಳಕೆರೆಯ ಬಯಲಿನಲ್ಲಿ ಇದಕ್ಕೆ ಅಷ್ಟಾಗಿ ಕೆಲಸವಿಲ್ಲ. ಮೊಳಕಾಲ್ಮುರಿನ ಗುಡ್ಡಗಳ ನಡುವಿನ ಇಳುಕಲುಗಳಲ್ಲಿ ಬಿರಿಯಿಲ್ಲದಿದ್ದರೆ ಹೇರು ಎತ್ತುಗಳ ಮೇಲೇ ಬರುತ್ತದೆ. ವೇಗದ ಚರಿತ್ರೆಯಲ್ಲಿ ಈ ಸೀಮೆಗೆ ಮೊದಲಿನಿಂದಲೂ ಜಾಗವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ. ಅದರ ದನಗಳಿಗಾಗಿ ಮೀಸಲಿಟ್ಟ ಕಾವಲುಗಳು ಚಳ್ಳಕೆರೆಯ ಸುತ್ತ ಸಾವಿರಾರು ಎಕರೆ ಹರಡಿದ್ದವು. ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರಕ್ಕೆ ನೆರವಾಗಿ ತಲುಪಿದ್ದು ಈ ಎತ್ತುಗಳಿಂದ ಎಂದು ಮೈಸೂರಿನ ಗ್ಯಾಸೆಟಿಯರ್ ಮೆಚ್ಚಿ ಬರೆಯುತ್ತದೆ. ಅಂದಿನ ಸ್ಪೋರ್ಟ್ಸ್ ಕಾರು ಅಂದರೆ ಅದೇ. ಆ ತೋಪಿನ ಬಂಡಿಗಳು ಎಷ್ಟು ಬೇಗ ಓಡಿದವು ಎಂಬುದು ದಾಖಲಾಗಿದೆ, ಹೇಗೆ ನಿಂತವು ಎಂಬುದನ್ನು ಬರೆದಿಡಬೇಕೆಂದು ಯಾರಿಗೂ ಅನ್ನಿಸಿಲ್ಲ. ಬ್ರೇಕಿನ ಪಾಡು ಯಾವಾಗಲೂ ಇಷ್ಟೇ.

ಕೀರಲಿಗೆ ಮದ್ದು ಹುಡುಕಿದ ಕಥೆ ಶುರುವಾಗುವುದು ಇಂಗ್ಲೆಂಡಿನ ಡರ್ಬಿಶೈರಿನಲ್ಲಿ, ಅದೂ ಬಂಡಿಯಿಂದಲೇ. ಅಲ್ಲಿನ ಗುಡ್ಡಗಳನ್ನು ಇಳಿಯುವ ಕುದುರೆ ಬಂಡಿಗಳವರು ಮರದ ಬಿರಿಗೆ ಹಳೆಯ ಬೂಟಿನ ಚರ್ಮ ಹಚ್ಚುತ್ತಿದ್ದುದನ್ನು ಹರ್ಬರ್ಟ್ ಫ್ರೂಡ್ ಎಂಬಾತ ಗಮನಿಸಿದ. ಮರಕ್ಕಿಂತ ಚೆನ್ನಾಗಿ ಹಿಡಿಯುವ, ಬೇಗ ಸವೆಯದ ಹೊದಿಕೆಯನ್ನು ಕಾರ್ಖಾನೆಯಲ್ಲೇ ಮಾಡಬಾರದೇಕೆ ಎಂದು 1897ರಲ್ಲಿ ಕೆಲಸ ಆರಂಭಿಸಿದ. ಕಂಪನಿಯ ಹೆಸರು ಫೆರೋಡೊ. ತನ್ನ ಹೆಸರಿನ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರವನ್ನು ಸೇರಿಸಿ ಮಾಡಿಕೊಂಡ ಹೆಸರದು.

ಅದೇ ಹೊತ್ತಿಗೆ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರ್ ಗಾಲಿಯ ಅಂಚನ್ನು ಒತ್ತುವ ಬದಲು ಗಾಲಿಯ ಜೊತೆ ತಿರುಗುವ ಒಂದು ತಟ್ಟೆಯನ್ನು ಎರಡೂ ಕಡೆಯಿಂದ ಚಿವುಟಿ ಹಿಡಿಯುವ ಬ್ರೇಕಿಗೆ 1902ರಲ್ಲಿ ಪೇಟೆಂಟ್ ಪಡೆದ. ಇಂದಿನ ಎಲ್ಲ ಡಿಸ್ಕ್ ಬ್ರೇಕುಗಳ ಮುತ್ತಜ್ಜ ಅದು. ಆದರೆ ಅವನ ಪ್ಯಾಡುಗಳು ತಾಮ್ರದವು. ಲೋಹಕ್ಕೆ ಲೋಹ ಉಜ್ಜಿ ಎದ್ದ ಚೀರಾಟಕ್ಕೆ ಸವಾರರು ಕಿವಿ ಮುಚ್ಚಿಕೊಂಡರು. ಅಂದರೆ ಡಿಸ್ಕ್ ಬ್ರೇಕಿನಷ್ಟೇ ವಯಸ್ಸು ಅದರ ಕೀರಲಿಗೂ ಇದೆ. 1907-08ರ ಹೊತ್ತಿಗೆ ಫ್ರೂಡ್ ಇದಕ್ಕೆ ಉತ್ತರ ಹುಡುಕಿದ. ಶಾಖಕ್ಕೆ ಸುಡದ, ಬಟ್ಟೆಯಂತೆ ನೇಯಬಹುದಾದ, ಹಿಡಿತ ಕೊಡುತ್ತಲೇ ಸದ್ದು ನುಂಗುವ ಒಂದು ಕಲ್ಲು: ಅಸ್ಬೆಸ್ಟಾಸ್. ಕನ್ನಡದಲ್ಲಿ ಕಲ್ನಾರು. ಹೆಸರೇ ಅದರ ಗುಣವನ್ನೆಲ್ಲ ಹೇಳಿಬಿಡುತ್ತದೆ.

ಮುಂದಿನ ಐವತ್ತು ವರ್ಷಗಳನ್ನು ಬೇಗ ದಾಟಬಹುದು. ಡ್ರಮ್ ಬ್ರೇಕುಗಳು ಎಲ್ಲೆಡೆ ಹಬ್ಬಿದವು, ಕಲ್ನಾರೂ ಜೊತೆಯಲ್ಲೇ ಹಬ್ಬಿತು. 1953ರ ಲ ಮಾನ್ಸ್ ಇಪ್ಪತ್ನಾಲ್ಕು ಗಂಟೆಗಳ ರೇಸಿನಲ್ಲಿ ಡನ್ಲಪ್ ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಸಿ-ಟೈಪ್ ಗೆದ್ದಿತು. ಆ ರೇಸಿನ ಸರಾಸರಿ ವೇಗ ಗಂಟೆಗೆ ನೂರು ಮೈಲಿ ದಾಟಿದ್ದು ಅದೇ ಮೊದಲು. ಬೇರೆಯವರು ತಿರುವಿಗೆ ಬಹಳ ಮುಂಚೆಯೇ ಬ್ರೇಕು ಒತ್ತಬೇಕಾದಲ್ಲಿ ಜಾಗ್ವಾರಿನವರು ಇನ್ನೂ ಮುಂದೆ ಹೋಗಿ ಒತ್ತಬಹುದಿತ್ತು. ಚೆನ್ನಾಗಿ ನಿಲ್ಲಬಲ್ಲವನೇ ವೇಗವಾಗಿ ಹೋಗಬಲ್ಲ ಎಂದು ರೇಸಿನ ಲೋಕಕ್ಕೆ ಅಂದು ಗೊತ್ತಾಯಿತು. ಅಲ್ಲಿಂದ ಸ್ಪೋರ್ಟ್ಸ್ ಕಾರುಗಳಿಗೆಲ್ಲ ಡಿಸ್ಕ್ ಬಂತು, ಡಿಸ್ಕಿನ ಜೊತೆ ಹಳೆಯ ಕೀರಲೂ ಬಂತು.

ಈ ಕೀರಲು ಹುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಎರಡು ಮುಖ್ಯ ಉತ್ತರಗಳನ್ನು ಓದುವಾಗ ನನಗೆ ಎರಡು ಸಲವೂ ಚಳ್ಳಕೆರೆ ತಾಲ್ಲೂಕೇ ಕಣ್ಣ ಮುಂದೆ ಬಂತು.

ಮೊದಲನೆಯದು 1961ರಲ್ಲಿ ಆರ್.ಟಿ. ಸ್ಪರ್ ಮಂಡಿಸಿದ ‘ಸ್ಪ್ರಾಗ್-ಸ್ಲಿಪ್’ ವಾದ. ಸ್ಪ್ರಾಗ್ ಅಂದರೆ ಇಂಗ್ಲೆಂಡಿನ ಗಣಿಗಳಲ್ಲಿ ಕಲ್ಲಿದ್ದಲ ಬಂಡಿ ಉರುಳದಂತೆ ಚಕ್ರಕ್ಕೆ ಸಿಕ್ಕಿಸುತ್ತಿದ್ದ ಮರದ ತುಂಡು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಫಾಲ್ಗುಣದ ತೇರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ತೇರಿಗೆ ಬ್ರೇಕಿಲ್ಲ, ಗಾಲಿಯ ಪಕ್ಕದಲ್ಲೇ ನಡೆಯುತ್ತ, ಕಣ್ಣನ್ನು ಗಾಲಿಯಿಂದ ಕೀಳದೆ, ಹೊತ್ತಿಗೆ ಸರಿಯಾಗಿ ಸನ್ನೆ ಕೊಡುವವರೇ ಅದರ ಬ್ರೇಕು. ಇಳುಕಲಾಗಿ ಕೆತ್ತಿದ ಮರ ಗಾಲಿಯಡಿ ಸಿಕ್ಕಿದೊಡನೆ ಗಾಲಿ ಅದರ ಮೇಲೆ ಹತ್ತಲು ನೋಡುತ್ತದೆ, ನರಳುತ್ತದೆ, ನಿಲ್ಲುತ್ತದೆ. ಜನ ಎಸೆಯುವ ಬಾಳೆಹಣ್ಣು, ಹಗ್ಗದವರ ಕೂಗು, ಇವುಗಳ ನಡುವೆ ಆ ನರಳಿಕೆಯನ್ನು ಕೇಳಿಸಿಕೊಳ್ಳುವವರು ಸನ್ನೆಯವರು ಮಾತ್ರ. ಸ್ಪರ್ ಹೇಳಿದ್ದು ಬ್ರೇಕಿನೊಳಗೆ ಇದೇ ನಡೆಯುತ್ತದೆ ಎಂದು. ಪ್ಯಾಡು ತಟ್ಟೆಗೆ ಒಂದು ಕೋನದಲ್ಲಿ ವಾಲಿ ಸನ್ನೆಯಂತೆ ಸಿಕ್ಕಿಕೊಳ್ಳುತ್ತದೆ. ಒತ್ತಡ ಏರಿದಾಗ ಅದನ್ನು ಹಿಡಿದ ಲೋಹ ತುಸು ಬಾಗುತ್ತದೆ, ಪ್ಯಾಡು ಜಾರುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಕೀರಲಿನ ಕಂಪನ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಾವಿರದಿಂದ ಹದಿನಾರು ಸಾವಿರದವರೆಗೆ ಇರುತ್ತದೆ, ಮನುಷ್ಯನ ಕಿವಿಗೆ ಚುಚ್ಚುವ ಜಾಗದಲ್ಲಿ.

ಎರಡನೆಯ ಉತ್ತರ 1970ರ ದಶಕದ್ದು, ಎಂ.ಆರ್. ನಾರ್ತ್ ಅವರದು. ತಟ್ಟೆಗೂ ಪ್ಯಾಡಿಗೂ ತಮ್ಮವೇ ಆದ ಹಲವು ಕಂಪನಗಳಿರುತ್ತವೆ. ಅವುಗಳಲ್ಲಿ ಎರಡು ತೀರ ಹತ್ತಿರ ಬಂದಾಗ ತಿಕ್ಕಾಟ ಅವನ್ನು ಬೆಸೆಯುತ್ತದೆ, ಒಂದು ಇನ್ನೊಂದನ್ನು ಉಬ್ಬಿಸುತ್ತದೆ. ಇದನ್ನು ಅವರು ‘ಫ್ಲಟರ್’ ಎಂದು ಕರೆದರು. ಆ ಮಾತು ವಿಮಾನದವರದು: ಗಾಳಿಯ ಹೊಡೆತಕ್ಕೆ ರೆಕ್ಕೆಯ ಬಾಗುವಿಕೆ ಮತ್ತು ತಿರುಚುವಿಕೆ ಒಂದಕ್ಕೊಂದು ಕೂಡಿಕೊಂಡು ಕೆಲವೊಮ್ಮೆ ರೆಕ್ಕೆಯನ್ನೇ ಮುರಿಯುವ ಅಪಾಯಕ್ಕೆ ಅವರಿಟ್ಟ ಹೆಸರು. ನಾಯಕನಹಟ್ಟಿಯಿಂದ ಬಹುದೂರವಿಲ್ಲದ ಕುದಾಪುರದ ಬಳಿ, ಅಮೃತ ಮಹಲಿನ ಅದೇ ಕಾವಲಿನಲ್ಲಿ, ಇಂದು ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. ಮಳೆ ಕಡಿಮೆ, ನೆಲ ಸಮತಟ್ಟು. ದನಕ್ಕೆ ಮೇಯಲು ಆಗಿಬಂದ ಬಯಲು ರನ್‌ವೇಗೂ ಆಗಿಬಂತು. ಕಾವಲನ್ನೇ ನಂಬಿದ್ದ ಕುರಿಗಾರರೂ ರೈತರೂ ಇದಕ್ಕೆ ಸುಮ್ಮನೆ ಒಪ್ಪಲಿಲ್ಲ. ತಗಾದೆ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅದನ್ನು ಬದಿಯ ಮಾತಾಗಿ ಹೇಳಿ ಮುಗಿಸುವುದು ಸರಿಯಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ಆ ರನ್‌ವೇಯಲ್ಲಿ ಇಸ್ರೋದ ರೆಕ್ಕೆಯ ವಾಹನ 2023ರ ಏಪ್ರಿಲ್ 2ರಂದು ಮೊದಲ ಸಲ ತಾನಾಗಿಯೇ ಇಳಿಯಿತು. 2024ರ ಜೂನ್ 23ರ ಮೂರನೇ ಪ್ರಯೋಗದಲ್ಲಿ ‘ಪುಷ್ಪಕ್’ ನೆಲ ಮುಟ್ಟಿದ್ದು ಗಂಟೆಗೆ 320 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ. ಹಿಂದಿನಿಂದ ಪ್ಯಾರಾಚೂಟು ಬಿಚ್ಚಿಕೊಂಡು ವೇಗವನ್ನು ಸುಮಾರು ನೂರಕ್ಕೆ ಇಳಿಸಿತು, ಆಮೇಲೆ ಗಾಲಿಯ ಬ್ರೇಕುಗಳು ಕೆಲಸಕ್ಕೆ ಬಂದವು. ವೇಗದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಲೆಕ್ಕ ಹಾಕಿದರೆ ಹತ್ತರಲ್ಲಿ ಒಂಬತ್ತು ಪಾಲನ್ನು ಬಟ್ಟೆಯೂ ಗಾಳಿಯೂ ಹೊತ್ತವು. ಗಾಲಿಯ ಬ್ರೇಕಿಗೆ ಉಳಿದದ್ದು ಒಂದೇ ಪಾಲು.

ಗೆಳೆಯನ ಕಾರಿಗೆ ಈ ಅನುಕೂಲವಿಲ್ಲ. ಒಂದೂವರೆ ಟನ್ನಿನ ಕಾರು ಗಂಟೆಗೆ 200 ಕಿಲೋಮೀಟರಿನಿಂದ ನಿಲ್ಲಬೇಕಾದರೆ ಸುಮಾರು ಏಳು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಕೆಲವೇ ಸೆಕೆಂಡಿನಲ್ಲಿ ಹುಟ್ಟುತ್ತದೆ. ಆ ಬಹುಪಾಲು ಶಾಖವನ್ನು ತಟ್ಟೆಗಳೂ ಅಂಗೈಯಗಲದ ಪ್ಯಾಡುಗಳೂ ತಾಳಬೇಕು. ಅದಕ್ಕೇ ಸ್ಪೋರ್ಟ್ಸ್ ಕಾರಿನ ಪ್ಯಾಡಿನಲ್ಲಿ ಲೋಹದ ಪಾಲು ಹೆಚ್ಚು, ಗಡಸು ಹೆಚ್ಚು. ಕೆಲವಕ್ಕೆ ತಟ್ಟೆಯೂ ಕಾರ್ಬನ್-ಸಿರಾಮಿಕ್‌ನದು. ಕೆಂಪಗೆ ಕಾದಾಗ ಚೆನ್ನಾಗಿ ಹಿಡಿಯುವ ಇವು ತಣ್ಣಗಿರುವಾಗ, ತೇವದ ಬೆಳಗಿನಲ್ಲಿ, ಮೆಲ್ಲಗೆ ಒತ್ತಿದಾಗ ಚೀರುತ್ತವೆ. ಸಂಸಾರದ ಕಾರಿನ ಮೆತ್ತನೆಯ ಪ್ಯಾಡು ಕಂಪನವನ್ನು ನುಂಗುತ್ತದೆ, ಇದು ನುಂಗುವುದಿಲ್ಲ.

ಮಾಡಬಹುದಾದದ್ದು ಇಲ್ಲವೆಂದಲ್ಲ. ಹೊಸ ಪ್ಯಾಡು ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಹಲವು ಸಲ, ಪೂರಾ ನಿಲ್ಲಿಸದೆ, ಗಟ್ಟಿಯಾಗಿ ವೇಗ ಇಳಿಸಿ, ನಡುವೆ ಆರಲು ಬಿಟ್ಟು ಪಳಗಿಸಿದರೆ ತಟ್ಟೆಯ ಮೇಲೆ ಪ್ಯಾಡಿನ ತೆಳು ಪದರ ಸಮನಾಗಿ ಕೂರುತ್ತದೆ. ಬಹಳಷ್ಟು ಕೀರಲು ಇಲ್ಲಿಗೇ ನಿಲ್ಲುತ್ತದೆ. ಪ್ಯಾಡಿನ ಅಂಚನ್ನು ಓರೆಯಾಗಿ ಸವರುವುದುಂಟು. ಸ್ಪರ್ ಹೇಳಿದ ಸನ್ನೆಯ ಕೋನವನ್ನು ಕೆಡಿಸುವ ಉಪಾಯ ಅದು. ಪ್ಯಾಡಿನ ಬೆನ್ನಿಗೆ ರಬ್ಬರು ಬೆಸೆದ ತೆಳು ತಗಡು ಕೂರಿಸುವುದು ಕಂಪನ ತಣಿಸಲು. ಆ ಬೆನ್ನಿಗೂ ಜಾರುವ ಪಿನ್ನುಗಳಿಗೂ ಶಾಖ ತಾಳುವ ಗ್ರೀಸು ಸವರಬಹುದು, ತಟ್ಟೆಗೆ ಉಜ್ಜುವ ಮುಖಕ್ಕೆ ಮಾತ್ರ ಒಂದು ಹನಿಯೂ ತಾಗಬಾರದು. ಕೀಲೆಣ್ಣೆಯ ಕಾಲದ ನಿಯಮ ಇಲ್ಲಿಯೂ ಬದಲಾಗಿಲ್ಲ. ಇಷ್ಟಾದ ಮೇಲೂ ಸಣ್ಣಗೆ ಕೂಗಿದರೆ ಕೂಗಲಿ ಎಂದು ನಾನು ಅವನಿಗೆ ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ಮುಂಚೆ ಬ್ರೇಕುಗಳು ಇಷ್ಟು ಕೂಗುತ್ತಿರಲಿಲ್ಲವಂತಲ್ಲ ಅಂದ.

ಒಂದು ಮಟ್ಟಿಗೆ ನಿಜ. ಆ ಮೌನ ಕಲ್ನಾರಿನದು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ, 33ನೇ ವಯಸ್ಸಿನಲ್ಲಿ ಸತ್ತಳು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ಡಬ್ಲ್ಯು.ಇ. ಕುಕ್ ಅದರೊಳಗೆ ಕಲ್ಲಿನ ಎಳೆಗಳನ್ನು ಕಂಡು ಬರೆದರು. ಮೂರು ವರ್ಷದ ಮೇಲೆ ಆ ರೋಗಕ್ಕೆ ಅಸ್ಬೆಸ್ಟೋಸಿಸ್ ಎಂಬ ಹೆಸರು ಬಂತು. ಅವಳು ದುಡಿದ ಟರ್ನರ್ ಕಂಪನಿ ಪರಿಹಾರ ಕೊಡಲು ಒಪ್ಪಲಿಲ್ಲ. ಅದೇ ದಶಕದಲ್ಲಿ ಫ್ರೂಡ್‌ನ ಫೆರೋಡೊ ಆ ಟರ್ನರ್ ಬಳಗಕ್ಕೇ ಸೇರಿತು. ಬ್ರಿಟನ್ ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ, ಅಂದರೆ ಅವಳು ಸತ್ತ ಎಪ್ಪತ್ತೈದು ವರ್ಷಕ್ಕೆ. ನಮ್ಮಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರಿನ ಕೆಲಸಗಾರರ ಆರೋಗ್ಯ ಅವರ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಬಳಕೆಗೆ ಪೂರ್ತಿ ನಿಷೇಧ ಬಂದಿಲ್ಲ. ಬ್ರೇಕಿನ ಮಟ್ಟಿಗೆ ಹೇಳುವುದಾದರೆ, ಅಪಾಯ ಓಡಿಸುವವನಿಗಿಂತ ಬಿಚ್ಚುವವನಿಗೆ. ಡ್ರಮ್ಮು ಕಳಚಿದಾಗ ಒಳಗೆ ಬೂದು ಬಣ್ಣದ ಧೂಳು ಕೂತಿರುತ್ತದೆ. ಅದನ್ನು ಊದಿ ತೆಗೆಯುವುದು ಗ್ಯಾರೇಜಿನ ಅತಿ ಕಿರಿಯ ಹುಡುಗನ ಕೆಲಸ.

ಹೋದ ವರ್ಷ ಬಂಡಿ ರಿಪೇರಿಯಿಂದ ಲಾರಿ ರಿಪೇರಿಗೆ ಬಂದ ಮನೆತನಗಳ ಮಾತು ದಾಖಲಿಸಲು ಚಳ್ಳಕೆರೆ, ಮೊಳಕಾಲ್ಮುರಿನ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಸುತ್ತಿದೆ. ಒಂದು ಕಡೆ ಹಿರಿಯ ಮೆಕ್ಯಾನಿಕ್ಕು ಸದ್ದು ಕೇಳಿಯೇ ಬ್ರೇಕಿನ ರೋಗ ಹೇಳುತ್ತಿದ್ದರು: ಇದು ಧೂಳಿನದು, ಇದು ಪದರ ಸವೆದು ಲೋಹಕ್ಕೆ ಲೋಹ ತಾಗಿದ್ದು, ಇದು ಸುಮ್ಮನೆ ಕೂಗುವುದು. ಈಗಿನ ಎಷ್ಟೋ ಪ್ಯಾಡುಗಳಲ್ಲಿ ಸವೆತ ಮಿತಿ ಮುಟ್ಟಿದಾಗ ತಟ್ಟೆಗೆ ತಾಗಿ ಚೀರಲೆಂದೇ ಒಂದು ತಗಡಿನ ನಾಲಿಗೆ ಇಟ್ಟಿರುತ್ತಾರೆ. ನೂರು ವರ್ಷ ಸದ್ದಡಗಿಸಲು ಹೆಣಗಿದವರೇ ಕೊನೆಗೆ ಬೇಕೆಂದು ಸದ್ದನ್ನು ಕೂರಿಸಿದ್ದಾರೆ ಎಂದು ಅವರು ನಕ್ಕರು. ಮಾತಾಡುತ್ತಿರುವಾಗಲೇ ಪಕ್ಕದಲ್ಲಿ ಹುಡುಗನೊಬ್ಬ ಡ್ರಮ್ಮು ಬಿಚ್ಚಿ, ಬಾಯಿ ಹತ್ತಿರ ತಂದು, ಕೆನ್ನೆ ಉಬ್ಬಿಸಿದ. ಹಿರಿಯರು ಮಾತು ನಿಲ್ಲಿಸದೆಯೇ ಒದ್ದೆ ಬಟ್ಟೆಯೊಂದನ್ನು ಅವನ ಕಡೆ ಎಸೆದರು. ಹುಡುಗ ಒರೆಸಿದ. ಹೊಸ ಪದರದ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಅಚ್ಚಾಗಿತ್ತು. ಏನಂತ ಬರ್ದಾರೆ ನೋಡ್ರಿ ಎಂದು ನನ್ನ ಕೈಗೆ ಕೊಟ್ಟ. ಕಲ್ನಾರು ಇಲ್ಲ ಅಂತ ಬರೆದಿದೆ ಎಂದೆ. ಹಂಗಾದ್ರೆ ಇದು ಜಾಸ್ತಿ ಕೂಗ್ತದೆ ಅಂದ, ಡಬ್ಬಿಯನ್ನು ವಾಪಸು ಇಸಿದುಕೊಂಡು ಕೆಲಸಕ್ಕೆ ಕೂತ.