ಮಂಜು ಸರಿದರೆ ಗೆರೆಯೂ ಸರಿಯಬೇಕು

2007ರ ಮೇ ತಿಂಗಳಲ್ಲಿ ಅಲಾಸ್ಕಾದ ಉತ್ತರ ತುದಿಯ ಬ್ಯಾರೋ ಊರಿನಲ್ಲಿ ಬೇಟೆಯಾದ ಬೋಹೆಡ್ ತಿಮಿಂಗಿಲವೊಂದನ್ನು ಕೊಯ್ಯುತ್ತಿದ್ದಾಗ, ಕತ್ತು ಮತ್ತು ಹೆಗಲಿನ ನಡುವಿನ ಎಲುಬಿನಲ್ಲಿ ಲೋಹದ ತುಂಡೊಂದು ಅಡ್ಡ ಬಂತು. ಬೆರಳುದ್ದದ ಆ ತುಂಡು 19ನೇ ಶತಮಾನದ ಕೊನೆಯ ಭಾಗದಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್ ಪಟ್ಟಣದಲ್ಲಿ ತಯಾರಾದ ಸಿಡಿಯುವ ಈಟಿಯದ್ದು ಎಂದು ತಿಳಿದವರು ಗುರುತಿಸಿದರು. ಆ ಈಟಿಯ ಪೆಟ್ಟನ್ನು ಮೈಯಲ್ಲೇ ಹೊತ್ತುಕೊಂಡು ಆ ಜೀವ ನೂರು ವರ್ಷಕ್ಕೂ ಹೆಚ್ಚು ಕಾಲ ಈಜಿತ್ತು.

ಉತ್ತರ ಧ್ರುವದ ಕಡಲಜೀವಿಗಳ ರಕ್ಷಣೆಯ ಕಥೆ ಹೇಳಲು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ತಿಮಿಂಗಿಲ. ಈ ಕ್ಷೇತ್ರದ ದೊಡ್ಡ ಒಪ್ಪಂದಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅದರ ಒಂದೇ ಆಯುಷ್ಯದೊಳಗೆ. ಅದು ಸತ್ತ ವರ್ಷವೇ, ಸೆಪ್ಟೆಂಬರಿನಲ್ಲಿ, ಆರ್ಕ್ಟಿಕ್ ಸಾಗರದ ಮಂಜು ಅಲ್ಲಿಯವರೆಗಿನ ಎಲ್ಲ ದಾಖಲೆಗಳಿಗಿಂತ ಕೆಳಗೆ ಕುಸಿಯಿತು.

ಮೊದಲ ಪಾಠ ಇನ್ನೂ ಹಳೆಯದು. 1741ರಲ್ಲಿ ಹಡಗೊಡೆದು ಬೇರಿಂಗ್ ದ್ವೀಪದಲ್ಲಿ ಸಿಕ್ಕಿಬಿದ್ದ ತಂಡದಲ್ಲಿ ಗಿಯೋರ್ಗ್ ಸ್ಟೆಲ್ಲರ್ ಎಂಬ ನಿಸರ್ಗವಿಜ್ಞಾನಿ ಇದ್ದ. ದಡದ ಹತ್ತಿರ ಕಡಲಪಾಚಿ ಮೇಯುತ್ತಿದ್ದ ದೈತ್ಯ ಕಡಲಹಸುವನ್ನು ಕಂಡು ವಿವರವಾಗಿ ಬರೆದಿಟ್ಟ. ಬರಿಯ 27 ವರ್ಷಗಳಲ್ಲಿ, 1768ರ ಹೊತ್ತಿಗೆ, ತುಪ್ಪಳಕ್ಕಾಗಿ ಆ ದಾರಿಯಲ್ಲಿ ಓಡಾಡಿದ ಬೇಟೆಗಾರರು ಅದನ್ನು ಕೊಂದು ತಿಂದು ಮುಗಿಸಿದರು. 1848ರಲ್ಲಿ ಥಾಮಸ್ ರಾಯ್ಸ್ ಎಂಬ ಕಪ್ತಾನ ಬೇರಿಂಗ್ ಜಲಸಂಧಿ ದಾಟಿದ ಮೇಲೆ ಬೋಹೆಡ್‌ಗಳ ಸರದಿ ಬಂತು. ಅವುಗಳ ಕೊಬ್ಬು ದೀಪದ ಎಣ್ಣೆಯಾಯಿತು, ಬಾಯಿಯೊಳಗಿನ ಬಾಗುವ ಪಟ್ಟಿಗಳು ಹೆಂಗಸರ ಬಿಗಿಯುಡುಪಿನ ಕಡ್ಡಿಗಳಾದವು.

ಇಂಥ ಲೂಟಿಯ ವಿರುದ್ಧ ಮೊದಲು ಬಂದ ಕಾನೂನುಗಳದ್ದು ಒಂದೇ ತರ್ಕ: ಕೊಲ್ಲುವ ಕೈಯನ್ನು ಹಿಡಿ, ಪ್ರಾಣಿ ತಾನಾಗಿ ಉಳಿಯುತ್ತದೆ. 1911ರಲ್ಲಿ ಅಮೆರಿಕ, ಬ್ರಿಟನ್, ಜಪಾನ್, ರಷ್ಯಾ ಸೇರಿ ತುಪ್ಪಳದ ಸೀಲ್‌ಗಳನ್ನು ನಡುಗಡಲಿನಲ್ಲಿ ಕೊಲ್ಲುವುದನ್ನು ನಿಲ್ಲಿಸಿದವು. 1973ರಲ್ಲಿ, ಶೀತಲ ಸಮರದ ನಡುವೆಯೂ, ಹಿಮಕರಡಿ ಬದುಕುವ ಐದು ದೇಶಗಳು ಆಸ್ಲೋದಲ್ಲಿ ಒಂದಾಗಿ ವಿಮಾನದಿಂದ, ದೊಡ್ಡ ದೋಣಿಗಳಿಂದ ಕರಡಿ ಹೊಡೆಯುವುದನ್ನು ತಡೆದವು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವ್ಯಾಪಾರಿ ಬೇಟೆಗೆ ತಡೆ ಹಾಕಿ 1986ರಿಂದ ಜಾರಿಗೆ ತಂದಿತು. ಈ ಕಾನೂನುಗಳನ್ನು ಹಗುರವಾಗಿ ನೋಡುವವರ ಜೊತೆ ನನಗೆ ಒಪ್ಪಿಗೆಯಿಲ್ಲ. ಇಂದು ಕಾಯಲು ಕರಡಿ, ಸೀಲ್, ತಿಮಿಂಗಿಲಗಳು ಉಳಿದಿವೆ ಎಂದರೆ ಅದರಲ್ಲಿ ಇವುಗಳ ಪಾಲು ದೊಡ್ಡದು.

ಈ ಘಟ್ಟದಲ್ಲೇ ಒಂದು ಜಗಳ ಎದ್ದಿತು. ಮುಂದೆ ಕ್ಷೇತ್ರದ ದಿಕ್ಕನ್ನು ಬದಲಿಸಿದ್ದು ಅದೇ. ಬೋಹೆಡ್‌ಗಳು ಒಂದೆರಡು ಸಾವಿರವೂ ಉಳಿದಿಲ್ಲ ಎಂಬ ಅಂದಾಜಿನ ಮೇಲೆ ಆಯೋಗ 1977ರಲ್ಲಿ ಅಲಾಸ್ಕಾದ ಮೂಲನಿವಾಸಿಗಳಾದ ಇನ್ಯುಪಿಯಾಟ್ ಜನರ ಊಟದ ಬೇಟೆಯನ್ನೂ ನಿಲ್ಲಿಸಲು ಹೊರಟಿತು. ವಿಜ್ಞಾನಿಗಳು ಮಂಜಿನ ಬಿರುಕಿನ ಅಂಚಿನಲ್ಲಿ ದಿಬ್ಬ ಹತ್ತಿ ಕೂತು, ನೀರಿನಿಂದ ಚಿಮ್ಮುವ ಉಸಿರನ್ನು ನೋಡಿ ಎಣಿಸುತ್ತಿದ್ದರು. ಬೇಟೆಗಾರರು ಈ ಲೆಕ್ಕವನ್ನು ಒಪ್ಪಲಿಲ್ಲ. ತಿಮಿಂಗಿಲ ಬಿರುಕಿನ ದಾರಿಯಲ್ಲಷ್ಟೇ ಹೋಗುವುದಿಲ್ಲ, ಮಂಜಿನ ಅಡಿಯಲ್ಲೂ ಹೋಗುತ್ತದೆ, ಉಸಿರು ಬೇಕಾದಾಗ ತಲೆಯಿಂದ ಮಂಜನ್ನು ಒಡೆಯುತ್ತದೆ, ದಡದವರ ಕಣ್ಣಿಗೆ ಬೀಳದಷ್ಟು ದೂರದಲ್ಲೂ ಸಾಗುತ್ತದೆ ಎಂದರು. ಹಿರಿಯ ಬೇಟೆಗಾರ ಹ್ಯಾರಿ ಬ್ರೋವರ್ ಹೇಳಿದ್ದನ್ನು ಪಶುವೈದ್ಯ ವಿಜ್ಞಾನಿ ಟಾಮ್ ಆಲ್ಬರ್ಟ್ ಕಿವಿಗೊಟ್ಟು ಕೇಳಿದರು. ಕೇಳಿ ಸುಮ್ಮನಾಗದೆ ಪರೀಕ್ಷೆಗೆ ಒಡ್ಡಿದರು. 1980ರ ದಶಕದಲ್ಲಿ ನೀರಿನೊಳಗೆ ಹೈಡ್ರೋಫೋನ್ ಇಳಿಬಿಟ್ಟಾಗ ಕಣ್ಣಿಗೆ ಕಾಣದ ತಿಮಿಂಗಿಲಗಳ ಕೂಗು ಮಂಜಿನಡಿಯಿಂದ ಕೇಳಿಬಂತು. ಎಣಿಕೆಯ ವಿಧಾನವೇ ಬದಲಾಯಿತು. 2001ರಲ್ಲಿ ಲೆಕ್ಕ ಹತ್ತು ಸಾವಿರ ದಾಟಿತು, 2011ರಲ್ಲಿ ಸುಮಾರು 17,000ಕ್ಕೆ ಮುಟ್ಟಿತು. ಸಂಖ್ಯೆ ನಿಜವಾಗಿಯೂ ಏರಿತ್ತು. ಮೊದಲಿನ ಎಣಿಕೆ ತಪ್ಪಿದ್ದೂ ಅಷ್ಟೇ ನಿಜ. 1977ರಲ್ಲೇ ಹುಟ್ಟಿದ ಅಲಾಸ್ಕಾ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗ ಇವತ್ತಿಗೂ ಊರೂರಿನ ಕೋಟಾ ನೋಡಿಕೊಳ್ಳುತ್ತಿದೆ. ರಕ್ಷಣೆಯೆಂದರೆ ಅಲ್ಲಿ ಬದುಕುವವರನ್ನು ಹೊರಗಿಡುವುದು ಎಂಬ ಹಳೆಯ ನಂಬಿಕೆ ಮುರಿಯಲು ಶುರುವಾದದ್ದು ಇಲ್ಲಿಂದ ಎಂಬುದು ನನ್ನ ತಿಳಿವಳಿಕೆ.

ಆದರೆ ಅಷ್ಟರಲ್ಲಿ ಕೊಲ್ಲುವ ಕೈ ಬೇರೆ ಕಡೆಗೆ ಹೋಗಿತ್ತು. ಕೆನಡಾದ ಇಯನ್ ಸ್ಟರ್ಲಿಂಗ್ ಹಡ್ಸನ್ ಕೊಲ್ಲಿಯ ಪಶ್ಚಿಮ ದಡದ ಕರಡಿಗಳನ್ನು ದಶಕಗಳ ಕಾಲ ತೂಗಿ ಅಳೆದವರು. 1993ರಲ್ಲಿ ಅವರು ಆಂಡ್ರ್ಯೂ ಡೆರೋಷರ್ ಜೊತೆ ಸೇರಿ, ಭೂಮಿ ಬಿಸಿಯಾದರೆ ಕರಡಿಗೇನಾಗುತ್ತದೆ ಎಂದು ಬರೆದರು. 1999ರಲ್ಲಿ, ಅದು ಆಗುತ್ತಿದೆ ಎಂದು ತೋರಿಸಿದರು. ಕರಡಿಗೆ ಮಂಜೆಂದರೆ ಬೇಟೆಯ ನೆಲ. ವಸಂತದಲ್ಲಿ ಸೀಲ್ ಮರಿಗಳು ಕೊಬ್ಬಿ ಸಿಗುವ ಕೆಲವೇ ವಾರಗಳಲ್ಲಿ ತಿಂದು ದಪ್ಪಗಾಗಿ, ಮಂಜು ಒಡೆದ ಮೇಲೆ ದಡಕ್ಕೆ ಬಂದು ತಿಂಗಳುಗಟ್ಟಲೆ ಉಪವಾಸವಿರಬೇಕು. ಹಡ್ಸನ್ ಕೊಲ್ಲಿಯ ಮಂಜು ಮೂರು ವಾರದಷ್ಟು ಮೊದಲೇ ಒಡೆಯತೊಡಗಿದಾಗ ಕರಡಿ ಕಳೆದುಕೊಂಡದ್ದು ವರ್ಷದ ಅತ್ಯಂತ ಬೆಲೆಬಾಳುವ ಊಟವನ್ನು. ತಾಯಿ ಬಡಕಲಾದರೆ ಹಾಲು ಬತ್ತುತ್ತದೆ, ಮರಿ ಉಳಿಯುವುದಿಲ್ಲ. 1980ರ ದಶಕದಲ್ಲಿ ಅಲ್ಲಿ ಸುಮಾರು 1,200 ಕರಡಿಗಳಿದ್ದವು. 2016ರ ಅಂದಾಜು 842, 2021ರದ್ದು 618.

2008ರಲ್ಲಿ ಅಮೆರಿಕ ಹಿಮಕರಡಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಕಾರಣ ಮಂಜಿನ ನಷ್ಟ ಎಂದು ಬಾಯಿಬಿಟ್ಟೇ ಹೇಳಿತು. ಆದರೆ ಆ ಕಾನೂನನ್ನು ಇಂಗಾಲದ ಹೊಗೆ ತಡೆಯಲು ಬಳಸುವುದಿಲ್ಲ ಎಂದು ಅದೇ ಉಸಿರಿನಲ್ಲಿ ಸೇರಿಸಿತು. ರೋಗ ಬರೆದುಕೊಟ್ಟು ಔಷಧಿ ಬರೆಯದ ಚೀಟಿ ಅದು. ಇಂದಿಗೂ ನನಗೆ ಅದನ್ನು ಓದಿದಾಗ ಸಂಕಟವಾಗುತ್ತದೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ.

ಇನ್ನೊಂದು ತೊಡಕು ಅಟ್ಲಾಂಟಿಕ್‌ನಲ್ಲಿ ಬಯಲಾಯಿತು. ನಾನೂರಕ್ಕಿಂತ ಕಡಿಮೆ ಉಳಿದಿರುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳಿಗಾಗಿ 2003ರಲ್ಲಿ ಫಂಡಿ ಕೊಲ್ಲಿಯ ಹಡಗು ಮಾರ್ಗವನ್ನೇ ಸರಿಸಿದ್ದರು. 2008ರಲ್ಲಿ ಅಮೆರಿಕದ ಕೆಲವು ದಡಗಳಲ್ಲಿ ದೊಡ್ಡ ಹಡಗುಗಳ ವೇಗವನ್ನು ಹತ್ತು ನಾಟ್‌ಗೆ ಇಳಿಸಿದ್ದರು. ನಕ್ಷೆಯ ಮೇಲೆ ಗೆರೆಗಳು ಸರಿಯಾಗಿದ್ದವು. ಆದರೆ 2010ರ ನಂತರ ಮೇನ್ ಕೊಲ್ಲಿ ಬಿಸಿಯಾಗಿ, ತಿಮಿಂಗಿಲದ ಆಹಾರವಾದ ಅಕ್ಕಿಕಾಳಿನಷ್ಟು ಪುಟ್ಟ ಕೊಪೆಪಾಡ್‌ಗಳು ಅಲ್ಲಿ ಕಡಿಮೆಯಾದವು. ಹಸಿದ ತಿಮಿಂಗಿಲಗಳು ಉತ್ತರಕ್ಕೆ, ಸೇಂಟ್ ಲಾರೆನ್ಸ್ ಕೊಲ್ಲಿಗೆ ಹೋದವು. ಅಲ್ಲಿ ಅವುಗಳಿಗಾಗಿ ಯಾವ ಗೆರೆಯೂ ಇರಲಿಲ್ಲ. ಹಡಗುಗಳು ಪೂರ್ತಿ ವೇಗದಲ್ಲಿದ್ದವು, ಏಡಿ ಹಿಡಿಯುವ ಬೋನುಗಳ ಹಗ್ಗಗಳು ನೀರಿನ ತುಂಬ ಇಳಿಬಿದ್ದಿದ್ದವು. 2017ರಲ್ಲಿ ಕೆನಡಾದ ನೀರಿನಲ್ಲೇ ಹನ್ನೆರಡು ಸತ್ತವು.

ಆಮೇಲೆ ಕೆನಡಾ ಹೊಸ ಪದ್ಧತಿ ತಂದಿತು. ವಿಮಾನದಿಂದ ತಿಮಿಂಗಿಲ ಕಂಡರೆ, ಅಥವಾ ನೀರಿನೊಳಗಿನ ಯಂತ್ರಕ್ಕೆ ಅದರ ದನಿ ಕೇಳಿದರೆ, ಆ ಜಾಗದಲ್ಲಿ ಹದಿನೈದು ದಿನ ಮೀನುಗಾರಿಕೆ ಬಂದ್. ಸಾವು ಪೂರ್ತಿ ನಿಂತಿಲ್ಲ. 2019ರಲ್ಲಿ ಮತ್ತೆ ಹಲವು ಸತ್ತವು. ಆದರೂ ಪ್ರಾಣಿಯ ಹಿಂದೆ ಹೋಗುವ ಗೆರೆ ಎಂಬ ಕಲ್ಪನೆಯೇ ಈ ಕ್ಷೇತ್ರ ಇತ್ತೀಚೆಗೆ ಕಂಡುಕೊಂಡ ಅತಿ ಮುಖ್ಯ ಸಂಗತಿ ಎಂದು ನಾನು ನಂಬಿದ್ದೇನೆ.

ಅಪರೂಪಕ್ಕೆ ಗೆರೆ ಹಡಗಿಗಿಂತ ಮೊದಲೇ ಬಂದದ್ದೂ ಉಂಟು. ಆರ್ಕ್ಟಿಕ್ ಸಾಗರದ ನಡುಭಾಗದಲ್ಲಿ ಯಾವ ದೇಶಕ್ಕೂ ಸೇರದ ಸುಮಾರು 28 ಲಕ್ಷ ಚದರ ಕಿಲೋಮೀಟರ್ ನೀರಿದೆ. ಮಂಜು ಕರಗಿ ಅಲ್ಲಿಗೆ ಬಲೆಗಳು ತಲುಪುವ ಮುನ್ನವೇ, 2018ರಲ್ಲಿ, ಚೀನಾ, ಜಪಾನ್, ಐರೋಪ್ಯ ಒಕ್ಕೂಟವೂ ಸೇರಿ ಹತ್ತು ಪಕ್ಷಗಳು ವ್ಯಾಪಾರಿ ಮೀನುಗಾರಿಕೆ ಬೇಡವೆಂದು ಸಹಿ ಹಾಕಿದವು. 2021ರಲ್ಲಿ ಜಾರಿಯಾದ ಒಪ್ಪಂದದ ಮೊದಲ ಅವಧಿ ಹದಿನಾರು ವರ್ಷ. ಯಾವ ದೇಶಕ್ಕೂ ಸೇರದ ಕಡಲಿನ ಜೀವಿಗಳಿಗಾಗಿ ವಿಶ್ವಸಂಸ್ಥೆ 2023ರಲ್ಲಿ ಅಂಗೀಕರಿಸಿದ ಒಪ್ಪಂದಕ್ಕೆ ಭಾರತ 2024ರಲ್ಲಿ ಸಹಿ ಹಾಕಿದೆ.

ಭಾರತಕ್ಕೂ ಧ್ರುವಕ್ಕೂ ಎಲ್ಲಿಯ ನಂಟು ಎನ್ನುವಂತಿಲ್ಲ. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. ಅಲ್ಲಿನ ಕಾಂಗ್ಸ್‌ಫ್ಯೋರ್ಡ್ ಕೊಲ್ಲಿಯ ನೀರಿನ ಬಿಸಿಯನ್ನು, ಉಪ್ಪನ್ನು ಭಾರತದ ಉಪಕರಣಗಳು 2014ರಿಂದ ಅಳೆಯುತ್ತಿವೆ. ಚಳಿಗಾಲದಲ್ಲಿ ಕುಮಟಾ ಕಡೆಯ ಅಘನಾಶಿನಿ ಅಳಿವೆಯಲ್ಲಿ ನೀರಿಳಿದ ಮೇಲೆ ಕೆಸರು ಕುಕ್ಕುತ್ತ ಓಡುವ ಲಿಟಲ್ ಸ್ಟಿಂಟ್, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಹಕ್ಕಿ, ಮೊಟ್ಟೆಯಿಡುವುದು ಆರ್ಕ್ಟಿಕ್‌ನ ಟಂಡ್ರಾದಲ್ಲಿ.

ಅಲಾಸ್ಕಾದ ಪಾಯಿಂಟ್ ಲೇ ಎಂಬ ಸಣ್ಣ ಊರಿನ ಪಕ್ಕದ ಮರಳದಂಡೆಗೆ 2014ರಲ್ಲಿ ಸುಮಾರು 35,000 ವಾಲ್ರಸ್‌ಗಳು ಬಂದು ಬಿದ್ದವು. ಮೊದಲೆಲ್ಲ ತಾಯಂದಿರು ಮರಿಗಳನ್ನು ತೇಲುವ ಮಂಜಿನ ಮೇಲೆ ಬಿಟ್ಟು, ಕೆಳಗಿನ ಆಳವಿಲ್ಲದ ತಳಕ್ಕೆ ಮುಳುಗಿ ಚಿಪ್ಪುಜೀವಿಗಳನ್ನು ತಿಂದು ಬರುತ್ತಿದ್ದವು. ಈಗ ಬೇಸಿಗೆಯ ಕೊನೆಗೆ ಮಂಜು ಆಳ ನೀರಿನ ಕಡೆಗೆ ಸರಿದುಬಿಡುತ್ತದೆ, ದಡವೊಂದೇ ಗತಿ. ಹೀಗೆ ಒತ್ತೊತ್ತಾಗಿ ಮಲಗಿದ ಹಿಂಡು ಒಂದು ವಿಮಾನದ ಸದ್ದಿಗೆ ಬೆಚ್ಚಿದರೂ ನೀರಿಗೆ ನುಗ್ಗುವ ನೂಕಿನಲ್ಲಿ ಮರಿಗಳು ತುಳಿತಕ್ಕೆ ಸಿಕ್ಕಿ ಸಾಯುತ್ತವೆ. ಊರಿನವರು ಪತ್ರಕರ್ತರಿಗೆ ಬರಬೇಡಿರೆಂದು ಕೇಳಿಕೊಂಡರು, ವಿಮಾನಗಳಿಗೆ ದೂರದಿಂದ ಹೋಗಿ ಎಂದರು. ಪೈಲಟ್‌ಗಳು ದಾರಿ ಬದಲಿಸಿದರು.