ಗೊಂಬೆಗೆ ಬೆಟ್ಟ ಹೇಗೆ ಕಾಣುತ್ತದೆ?

ಮೇಜಿನ ಮೇಲೆ ಮೂರು ಬೆಟ್ಟಗಳ ಮಾದರಿ. ಒಂದರ ತುದಿಯಲ್ಲಿ ಹಿಮ, ಇನ್ನೊಂದರಲ್ಲಿ ಮನೆ, ಮತ್ತೊಂದರಲ್ಲಿ ಶಿಲುಬೆ. ಎದುರು ಬದಿಯ ಗೊಂಬೆಗೆ ಇವು ಹೇಗೆ ಕಾಣುತ್ತವೆ? ಮಗು ಸರಿಯಾದ ಚಿತ್ರವನ್ನು ಆರಿಸಬೇಕು. ಜಿನೀವಾದ ಜೀನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ 1948ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಆರೇಳು ವರ್ಷದೊಳಗಿನವರು ಹೆಚ್ಚಾಗಿ ತಮಗೆ ಕಾಣುವ ನೋಟವನ್ನೇ ತೋರಿಸಿದರು. ಚಿಕ್ಕ ಮಕ್ಕಳು 'ಸ್ವಕೇಂದ್ರಿತ'ರೆಂಬ ಮಾತು ಶಿಕ್ಷಕರ ಪಠ್ಯಗಳಿಗೂ ಸೇರಿತು.

1975ರಲ್ಲಿ ಎಡಿನ್‌ಬರೊದ ಮಾರ್ಟಿನ್ ಹ್ಯೂಸ್ ಬೆಟ್ಟಗಳ ಬದಲು ಅಡ್ಡಗೋಡೆಗಳನ್ನಿಟ್ಟರು. ಇಬ್ಬರು ಪೊಲೀಸ್ ಗೊಂಬೆಗಳ ಕಣ್ಣಿಗೆ ಬೀಳದಂತೆ ಹುಡುಗನ ಗೊಂಬೆಯನ್ನು ಬಚ್ಚಿಡಬೇಕು. ಕಣ್ಣಾಮುಚ್ಚಾಲೆ ಆಡದ ಮಗುವುಂಟೆ! ಮೂರೂವರೆಯಿಂದ ಐದು ವರ್ಷದವರ ಉತ್ತರಗಳಲ್ಲಿ ಶೇಕಡಾ 90ರಷ್ಟು ಸರಿಯಾಗಿದ್ದವು. ಪ್ರಶ್ನೆಯ ತೊಡಕನ್ನೇ ನಾವು ಮಗುವಿನ ಕೊರತೆಯೆಂದು ಬಗೆದಿದ್ದೆವೇ?

ಪೂರ್ತಿ ಹಾಗಲ್ಲ. ಹ್ಯೂಸ್ ಕೇಳಿದ್ದು 'ಕಾಣುತ್ತದೆಯೇ' ಎಂದು. ಪಿಯಾಜೆ ಕೇಳಿದ್ದು 'ಹೇಗೆ ಕಾಣುತ್ತದೆ' ಎಂದು. ಎರಡನೆಯದಕ್ಕೆ ಎಡಬಲಗಳನ್ನು ಮನಸ್ಸಿನಲ್ಲೇ ತಿರುಗಿಸಬೇಕು. ತರಗತಿಗೆ ಎದುರಾಗಿ ನಿಂತು, ನಿಮ್ಮ ಬಲಗೈ ಯಾವುದೆಂದು ಮಕ್ಕಳನ್ನು ಕೇಳಿ ನೋಡಿ.